ಮೂರರ ತುಂಡುಗಳು

ಅಕ್ಕನ ಹೊಲಿಗೆ ಯಂತ್ರ ನಿಂತರೆ ನಾನೂ ನಿಲ್ಲುತ್ತೇನೆ. ಕೈಯಲ್ಲಿ ಲೋಟವಿದ್ದರೆ ಲೋಟ ಅಲ್ಲೇ, ಬಾಯಲ್ಲಿ ತುತ್ತಿದ್ದರೆ ತುತ್ತು ಅಲ್ಲೇ. ದಾರ ಕಡಿದಿರಬಹುದು, ಬಾಬಿನ್ ಖಾಲಿಯಾಗಿರಬಹುದು, ಬಟ್ಟೆ ತಿರುಗಿಸುತ್ತಿರಬಹುದು. ದಾರ ಪೋಣಿಸಲು ಅವಳಿಗೆ ಎಂಟು ಎಣಿಸುವಷ್ಟು ಹೊತ್ತು ಸಾಕು. ಬಾಬಿನ್ ಬದಲಿಸಲು ಇಪ್ಪತ್ತು. ಇಪ್ಪತ್ತು ದಾಟಿದರೆ ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತು ಏನಾದರೂ ಬೇಕಿಲ್ಲದ್ದು ಕೇಳುತ್ತೇನೆ. ಕತ್ತರಿ ಎಲ್ಲಿದೆ, ಗಂಟೆ ಎಷ್ಟಾಯಿತು.

"ಎಣಿಸ್ಕೊಂಡು ಬಂದ್ಯೇನೇ," ಎನ್ನುತ್ತಾಳೆ ಅಕ್ಕ, ತಲೆ ಎತ್ತದೆ. "ಇನ್ನೂ ಬದುಕಿದ್ದೀನಿ, ಹೋಗು."

ನಮ್ಮದು ಎರಡು ಕೋಣೆ. ಒಂದರಲ್ಲಿ ಯಂತ್ರ, ಇಸ್ತ್ರಿ ಮೇಜು, ಶಾಲೆ ಸಮವಸ್ತ್ರಗಳ ಗಂಟು. ಇನ್ನೊಂದರಲ್ಲಿ ನಾವು. ಅಮ್ಮ ಹೋದ ಮೇಲೆ ಅಕ್ಕನೇ ನನ್ನನ್ನು ಓದಿಸಿದ್ದು; ನನಗೆ ಅಕ್ಷರ ತಿದ್ದಿಸಿದ್ದೂ ಅವಳೇ, ಬಟ್ಟೆ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ. ಅವಳ ಬಲ ಮುಂಗೈ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿಯಷ್ಟೇ ಅಗಲದ, ಅದೇ ಆಕಾರದ ಗುರುತಿದೆ. ಅದು ಬಿದ್ದಾಗ ನನಗೆ ಹದಿಮೂರು ವರ್ಷ. ಅವಳು ನೆಲದ ಮೇಲೆ ಕೊರಡಿನ ಹಾಗೆ ಸೆಟೆದು ಅದುರುತ್ತಿದ್ದಳು, ಬಿಸಿ ಇಸ್ತ್ರಿ ಅವಳ ಕೈ ಮೇಲಿತ್ತು, ನಾನು ಕಿರುಚಲೂ ಇಲ್ಲ, ಓಡಲೂ ಇಲ್ಲ. ಪ್ಲಗ್ ಕಿತ್ತು ಇಸ್ತ್ರಿ ಎತ್ತಿದ್ದು ಪಕ್ಕದ ಮನೆಯವರು. ನಾನು ಗೋಡೆಗೆ ಒರಗಿ ನಿಂತಿದ್ದೆ ಅಷ್ಟೆ. ಈಗಲೂ ನನ್ನ ಸ್ವಭಾವ ಅದೇ. ಬಾಯಿ ತೆರೆಯಬೇಕಾದಾಗ ಗೋಡೆ ಹುಡುಕುತ್ತೇನೆ.

ಅದಾದ ಮೇಲೆ ಡಾಕ್ಟರು ಮೂರ್ಛೆರೋಗ ಎಂದು ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು. ಒಂಬತ್ತು ವರ್ಷದಲ್ಲಿ ಅಕ್ಕ ಒಂದು ಹೊತ್ತೂ ತಪ್ಪಿಸಿರಲಿಲ್ಲ, ಒಮ್ಮೆಯೂ ಬಿದ್ದಿರಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಮಾಡಿದ ತಪ್ಪು ಈ ಒಂದು ಸಂಗತಿಯನ್ನು ನಂಬಿಯೇ ಮಾಡಿದ್ದು.

ಅಮ್ಮನ ತಮ್ಮನಿಗೆ, ಅಂದರೆ ನಮ್ಮ ಸೋದರಮಾವನಿಗೆ, ಮೂರು ಔಷಧಿ ಅಂಗಡಿಗಳಿವೆ. ಒಂದು ಕಾಲದಲ್ಲಿ ಅಕ್ಕ ಅವನ ಅಂಗಡಿಯಲ್ಲಿ ಕೂರುತ್ತೇನೆ ಅಂದಿದ್ದಳು. "ಗಿರಾಕಿಗಳ ಎದುರು ಏನಾದ್ರೂ ಆದ್ರೆ ಕಷ್ಟ ಕಣಮ್ಮ," ಎಂದ ಮಾವ. ಒರಟಾಗಿ ಹೇಳಲಿಲ್ಲ, ಮೆತ್ತಗೇ ಹೇಳಿದ. ಅಕ್ಕ ಅಂದಿನಿಂದ ಅವನ ಮನೆ ಮೆಟ್ಟಿಲು ಹತ್ತಿಲ್ಲ. ಆದರೆ ಮಾತ್ರೆಗೆ ನೂರಕ್ಕೆ ಮೂವತ್ತು ಬಿಡುವುದು ಅವನ ಅಂಗಡಿಗಳಲ್ಲಿ ಮಾತ್ರ. ಐದು ದಿನಕ್ಕೊಮ್ಮೆ ಹೊಲಿದ ಬಟ್ಟೆ ಕೊಟ್ಟು ಬರುವಾಗ ಮಾರುಕಟ್ಟೆ ಪಕ್ಕದ ಅಂಗಡಿಯಲ್ಲಿ ಹತ್ತು ಮಾತ್ರೆಯ ಒಂದು ಸ್ಟ್ರಿಪ್ ಕೊಳ್ಳುತ್ತಾಳೆ.

"ಗಿರಾಕಿಯಾಗಿ ಹೋಗ್ತೀನಿ," ಎನ್ನುತ್ತಿದ್ದಳು. "ಅವನ ಅಕ್ಕನ ಮಗಳಾಗಿ ಅಲ್ಲ."

ನಾನು ಅರ್ಥಶಾಸ್ತ್ರದಲ್ಲಿ ಪದವಿ ಮುಗಿಸಿ ಎಂಟು ತಿಂಗಳು ಮನೆಯಲ್ಲಿ ಕೂತು ದಿನಚರಿ ತುಂಬಿಸಿದ ಮೇಲೆ ಲೆಕ್ಕ ನೋಡಲು ಮಾವ ನನ್ನನ್ನು ಕರೆಸಿದ. ಅದೇ ಮಾರುಕಟ್ಟೆ ಅಂಗಡಿ. ಕೌಂಟರಿನ ಹಿಂದೆ ಔಷಧಿ ಡಬ್ಬಗಳ ನಡುವೆ ಒಂದು ಮೇಜು, ಒಂದು ಕುರ್ಚಿ. ಗಿರಾಕಿಗಳ ಮುಖ ನೋಡಬೇಕಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನವಾಗಿತ್ತು. ಅವರ ದನಿ ಬರೀ ಗದ್ದಲವಾಗಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಕೌಂಟರಿನಲ್ಲಿ ಕತ್ತರಿಯಣ್ಣ. ಇಪ್ಪತ್ತು ವರ್ಷದಿಂದ ಸ್ಟ್ರಿಪ್ ಕತ್ತರಿಸಿ ಕತ್ತರಿಸಿ ಅವನ ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿದೆ, ಹೆಸರು ಹೀಗೆ ಬಂದಿದೆ.

"ಏನ್ ಪಂಡಿತರೇ," ಮಾವ ಒಂದು ದಿನ ಕುರ್ಚಿ ಎಳೆದು ಕೂತ. "ಒಂದು ಲೆಕ್ಕ ಹೇಳು. ರಿಯಾಯಿತಿ ಕೊಟ್ಟು ಕೊಟ್ಟು ನಾನು ಸೊರಗ್ತಿದ್ದೀನಿ. ಯಾವ ಔಷಧಿಗೆ ರಿಯಾಯಿತಿ ತೆಗೆದ್ರೂ ಜನ ಬಿಡಲ್ಲ? ನಿಮ್ಮ ಪುಸ್ತಕದಲ್ಲಿ ಅದಕ್ಕೊಂದು ಹೆಸರು ಇರಬೇಕಲ್ಲ."

"ಇದೆ ಮಾವ. ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ."

"ಅಯ್ಯೋ, ಅದನ್ನ ಹೇಳಿ ಮುಗಿಸೋಷ್ಟರಲ್ಲಿ ಗಿರಾಕಿ ಎದುರಂಗಡಿಗೆ ಹೋಗಿರ್ತಾನೆ. ಬಿಡಿಸಿ ಹೇಳು."

ಬಿಡಿಸಿ ಹೇಳಿದೆ. ಆ ಎಂಟು ತಿಂಗಳಲ್ಲಿ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ, ಅದಕ್ಕೇ ಸ್ವಲ್ಪ ಹುಮ್ಮಸ್ಸಿನಿಂದಲೇ ಹೇಳಿದೆ. ಬೆಲೆ ಏರಿದಾಗ ಜನ ಕೊಳ್ಳುವುದು ಎಷ್ಟು ಕಡಿಮೆಯಾಗುತ್ತದೆ ಅನ್ನುವುದರ ಅಳತೆ ಅದು. ಬೆಲೆ ನೂರಕ್ಕೆ ಹತ್ತು ಏರಿ, ಮಾರಾಟ ನೂರಕ್ಕೆ ಇಪ್ಪತ್ತು ಇಳಿದರೆ ಆ ಬೇಡಿಕೆ ಎಳೆದಂತೆ ಬರುತ್ತದೆ. ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು, ಹಾಗೆ. ಬೆಲೆ ಎಷ್ಟೇ ಏರಲಿ ಮಾರಾಟ ಅಲುಗಾಡದಿದ್ದರೆ ಅದು ಬಿಗಿಯಾದ ಬೇಡಿಕೆ. ಬಿಗಿಯಾದದ್ದರ ಬೆಲೆ ಏರಿಸಿದರೆ ಮಾರುವವನಿಗೆ ಲಾಭ. ಬೇರೆ ದಾರಿ ಇಲ್ಲದವರು ಕೊಂಡೇ ಕೊಳ್ಳುತ್ತಾರೆ.

"ಹಾಂ. ಅಂಥ ಒಂದು ಹೆಸರು ಹೇಳು, ಮೊದಲು ಇಲ್ಲೇ ಒಂದು ತಿಂಗಳು ನೋಡೋಣ."

ಆಗ ನಾನು ಯೋಚಿಸಿದ್ದೇ ಇಲ್ಲ. ಅಥವಾ ಯೋಚಿಸಿದೆ: ಒಂಬತ್ತು ವರ್ಷ, ಒಂದು ಹೊತ್ತೂ ತಪ್ಪಿಸದೆ. ಇದಕ್ಕಿಂತ ಬಿಗಿಯಾದ ಬೇಡಿಕೆಯನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಒಂದು ಚೀಟಿಯ ಮೇಲೆ ಅಕ್ಕನ ಮಾತ್ರೆಯ ಹೆಸರು ಬರೆದುಕೊಟ್ಟೆ. ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದಾಗ ಕೈ ತಾನೇ ಓಡುತ್ತದಲ್ಲ, ಹಾಗೆ. ಮಾರನೆಯ ದಿನ ಮಾವ ನನ್ನ ಕೈಯಲ್ಲೇ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದ. ಈ ಕೆಳಗಿನ ಔಷಧಿಗೆ ರಿಯಾಯಿತಿ ಇರುವುದಿಲ್ಲ, ಸಹಕರಿಸಿ. ನನ್ನ ಅಕ್ಷರ ದುಂಡಗಿದೆ ಎಂದು ಹೊಗಳಿ ಗೋಡೆಗೆ ತೂಗುಹಾಕಿದ.

ಅಂದು ಸಂಜೆ ಅಕ್ಕನಿಗೆ ಹೇಳಿದೆ, ಅರ್ಧ ಮಾತ್ರ. "ನಿನ್ನ ಮಾತ್ರೆ ಎಪ್ಪತ್ತಿಂದ ನೂರಾಗತ್ತಂತೆ. ಹೆಚ್ಚಿಗೆ ಆಗೋದನ್ನ ನಾನು ಕೊಡ್ತೀನಿ."

ಅಕ್ಕ ಕಾಲರಿಗೆ ಪಟ್ಟಿ ಕೂರಿಸುತ್ತಿದ್ದಳು. "ಆಗ್ಲಿ ಬಿಡು, ನಾನು ನೋಡ್ಕೋತೀನಿ."

ಅಷ್ಟೇ. ಅವಳು ನೋಡಿಕೊಳ್ಳುತ್ತೇನೆ ಎಂದರೆ ಅದು ಮುಗಿದ ಮಾತು.

ತಿಂಗಳು ಕಳೆದು ಒಂದು ಶುಕ್ರವಾರ ಮಾವ ಮಾರಾಟದ ಹಾಳೆ ತಂದುಕೊಟ್ಟ. ಅವನು ಹಾಳೆ ಕೊಡುವ ರೀತಿಯೇ ಬೇರೆ. ಎಡಗಡೆ ಔಷಧಿಯ ಹೆಸರು, ನಡುವೆ ಎಷ್ಟು ಹೋಯಿತು, ಬಲಗಡೆ ಎಷ್ಟು ದುಡ್ಡು ಬಂತು. ಬಲಗಡೆಯದನ್ನು ಹಿಂದಕ್ಕೆ ಮಡಚಿ ಪಿನ್ ಹೊಡೆದೇ ಕೊಡುತ್ತಾನೆ, ಯಾರಿಗಾದರೂ ಸರಿ. ಸ್ವಂತ ಹೆಂಡತಿಗೂ ಬಂದ ದುಡ್ಡು ತೋರಿಸುವುದಿಲ್ಲ ಎಂದು ಕತ್ತರಿಯಣ್ಣ ನಗುತ್ತಾನೆ. ನನಗೂ ಅದರ ಅಗತ್ಯ ಕಾಣಲಿಲ್ಲ. ಎಷ್ಟು ಹೋಯಿತು ಅನ್ನುವುದು ಇತ್ತಲ್ಲ. ಹಿಂದಿನ ತಿಂಗಳು ನೂರ ನಾಲ್ಕು ಸ್ಟ್ರಿಪ್. ರಿಯಾಯಿತಿ ತೆಗೆದ ತಿಂಗಳು ನೂರ ಎರಡು. ಬೆಲೆ ನೂರಕ್ಕೆ ನಲವತ್ತಮೂರರಷ್ಟು ಏರಿದೆ, ಮಾರಾಟ ನೂರಕ್ಕೆ ಎರಡರಷ್ಟೂ ಇಳಿದಿಲ್ಲ. ಭಾಗಿಸಿದರೆ ಸೊನ್ನೆಗೆ ಅಂಟಿಕೊಂಡು ಕೂತ ಒಂದು ಸಂಖ್ಯೆ. ಪುಸ್ತಕದಲ್ಲೂ ಇಷ್ಟು ಚೆಂದದ ಉದಾಹರಣೆ ಇರಲಿಲ್ಲ.

"ಭೇಷ್," ಎಂದು ಮಾವ ಬೆನ್ನು ತಟ್ಟಿದ. "ಸೋಮವಾರದಿಂದ ಮೂರೂ ಅಂಗಡಿಗೆ. ಇನ್ನೂ ಹತ್ತು ಔಷಧಿ ಆರಿಸಿಡು, ಇಂಥವೇ. ಹೃದಯದ್ದು, ಸಕ್ಕರೆ ಕಾಯಿಲೇದು, ನಿಂಗೇ ಗೊತ್ತಲ್ಲ."

ಅಂದು ದಿನಚರಿಯಲ್ಲಿ ಬರೆದೆ: ಇವತ್ತು ನಾನು ಉಪಯೋಗಕ್ಕೆ ಬಂದೆ. ಆ ಸಾಲು ಈಗಲೂ ಇದೆ, ಹೊಡೆದುಹಾಕಿಲ್ಲ.

ಶನಿವಾರ ಬೆಳಿಗ್ಗೆ ಯಂತ್ರ ನಿಂತಿತು.

ನಾನು ತಲೆ ಬಾಚುತ್ತಿದ್ದೆ. ಎಂಟು. ಇಪ್ಪತ್ತು. ಬಾಚಣಿಗೆ ಕೂದಲಲ್ಲೇ ಬಿಟ್ಟು ಬಾಗಿಲಿಗೆ ಹೋಗುವಷ್ಟರಲ್ಲಿ ಮೂವತ್ತಾಗಿತ್ತು. ಅಕ್ಕ ಕೂತಿದ್ದಳು. ಬಿದ್ದಿರಲಿಲ್ಲ, ಅದುರುತ್ತಿರಲಿಲ್ಲ. ಬೆನ್ನು ನೆಟ್ಟಗೆ, ಎರಡೂ ಕೈ ಬಟ್ಟೆಯ ಮೇಲೆ, ಕಣ್ಣು ಕಿಟಕಿಯ ಕಡೆ. ತುಟಿ ಮಾತ್ರ ಏನನ್ನೋ ಜಗಿಯುವ ಹಾಗೆ ಆಡುತ್ತಿತ್ತು.

"ಅಕ್ಕಾ, ಕತ್ತರಿ ಎಲ್ಲಿ?"

ಕಿಟಕಿಯಾಚೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಅವಳ ಕಣ್ಣು ಮಿಟುಕಲಿಲ್ಲ. ನಾನು ಇನ್ನೂ ಎಣಿಸುತ್ತಿದ್ದೆ, ಎಣಿಸುವುದನ್ನು ಬಿಟ್ಟು ಬೇರೇನೂ ಮಾಡಲು ಬರದವಳ ಹಾಗೆ. ಐವತ್ತೆರಡಕ್ಕೆ ಅವಳು ಉಸಿರು ಎಳೆದುಕೊಂಡು ನನ್ನ ಕಡೆ ತಿರುಗಿದಳು.

"ಏನು ಹಾಗೆ ನಿಂತಿದ್ದೀಯಾ? ಬಾಚಣಿಗೆ ತಲೇಲೇ ಇದೆ ನೋಡು."

ಅವಳಿಗೆ ಗೊತ್ತೇ ಇರಲಿಲ್ಲ. ಆದರೆ ಬಟ್ಟೆಗೆ ಗೊತ್ತಿತ್ತು. ಹೊಲಿಗೆ ಕಾಲರಿನ ಅಂಚು ಬಿಟ್ಟು, ಅಡ್ಡಡ್ಡಕ್ಕೆ ಜೇಬಿನವರೆಗೆ ನೇರ ಹೋಗಿತ್ತು. ನಾನು ನೋಡಿದ್ದನ್ನು ನೋಡಿ ಅಕ್ಕ ಅಂಗಿಯನ್ನು ಮಡಚಿ ಮೇಜಿನ ಕೆಳಗಿನ ಪೆಟ್ಟಿಗೆಗೆ ಹಾಕಿದಳು. ಅಲ್ಲಿ ಇನ್ನೂ ಐದು ಅಂಗಿಗಳಿದ್ದವು. ಐದರಲ್ಲೂ ದಾರ ಬಿಚ್ಚಿದ ಮೇಲೆ ಉಳಿದ ಸೂಜಿಯ ತೂತುಗಳ ಸಾಲು, ಹೋಗಬಾರದ ಕಡೆ ಹೋದ ಸಾಲು.

ಗುಂಡಿಗಳ ಡಬ್ಬಿಯಲ್ಲಿ ಅವಳು ಮಾತ್ರೆ ಇಡುವುದು. ಕೇಳದೆ ತೆರೆದೆ. ಖಾಲಿ ಸ್ಟ್ರಿಪ್‌ಗಳನ್ನು ಅವಳು ಎಸೆಯುವುದಿಲ್ಲ, ಮುಂದಿನ ಸಲ ಅಂಗಡಿಯಲ್ಲಿ ತೋರಿಸಲು ಇಡುತ್ತಾಳೆ. ಆರು ಇದ್ದವು. ಒಂದೊಂದರ ತುದಿಯೂ ಕತ್ತರಿಸಿತ್ತು. ಒಂದೊಂದರಲ್ಲೂ ಏಳು ಗುಳಿ. ಹತ್ತಲ್ಲ. ಎರಡು ಸಲ ಎಣಿಸಿದೆ.

"ಏಳೇ ಇದೆ ಅಕ್ಕಾ."

"ಎಪ್ಪತ್ತಕ್ಕೆ ಏಳು ಬರುತ್ತೆ. ಓದಿದೋಳು ನೀನು, ನನ್ನ ಕೇಳ್ತೀಯಾ?"

"ಐದು ದಿನಕ್ಕೆ ಹತ್ತು ಬೇಕು."

"ಬೆಳಿಗ್ಗೇದು ಮೂರು ದಿನ ಬಿಡ್ತೀನಿ. ಹೇಗೂ ಬೆಳಿಗ್ಗೆ ತಗೊಂಡ್ರೆ ತೂಕಡಿಕೆ."

"ನಾನು ಕೊಡ್ತೀನಿ ಅಂದಿದ್ದೆನಲ್ಲ."

"ನಿನ್ನ ಸಂಬಳ ಯಾರ ಪೆಟ್ಟಿಗೆಯಿಂದ ಬರುತ್ತೆ? ಅವನದೇ ದುಡ್ಡು ಅವನಿಗೇ ಕೊಟ್ಟು ಮಾತ್ರೆ ತಿನ್ಲಾ? ಬಾಡಿಗೆಗೆ ಇಷ್ಟು, ದಾರಕ್ಕಿಷ್ಟು, ಮಾತ್ರೆಗೆ ಎಪ್ಪತ್ತು. ಇಷ್ಟು ವರ್ಷ ಹಾಗೇ ನಡೆದಿದೆ." ಅವಳು ಯಂತ್ರದ ಕಡೆ ತಿರುಗಿದಳು. "ನೀನು ಅಂಗಡಿಗೆ ಹೊರಡು, ಹೊತ್ತಾಯ್ತು."

ಹೊರಟೆ. ಹೊರಡಬಾರದಿತ್ತು ಎಂದು ಮೆಟ್ಟಿಲಿಳಿಯುವಾಗ ಅನ್ನಿಸಿತು, ಆದರೆ ಯಂತ್ರ ಮತ್ತೆ ಓಡುತ್ತಿತ್ತು. ಬೀದಿಯ ಕೊನೆಯವರೆಗೂ ಅದರ ಸದ್ದು ಕಿವಿಯಲ್ಲಿ ಹಿಡಿದುಕೊಂಡೇ ನಡೆದೆ. ಸದ್ದು ಸಿಗದ ಕಡೆ ಬಂದಾಗ ಒಮ್ಮೆ ಹಿಂದಿರುಗಿ ನೋಡಿದೆ. ಈಗ ಅಲ್ಲಿ ಯಾರು ಎಣಿಸುತ್ತಾರೆ? ಪಕ್ಕದಲ್ಲೇ ಇಸ್ತ್ರಿ, ಪ್ಲಗ್ಗು ಹಾಕಿಯೇ ಇರುತ್ತದೆ.

ದಾರಿಯುದ್ದಕ್ಕೂ ಇನ್ನೊಂದು ಪ್ರಶ್ನೆ ಹಿಂದೆ ಬಿದ್ದಿತ್ತು. ಅಕ್ಕ ಕೊಂಡದ್ದು ಏಳು. ಹಾಳೆಯಲ್ಲಿ ಅದು ಎಷ್ಟಾಗಿ ಬಿದ್ದಿದೆ?

ಕತ್ತರಿಯಣ್ಣ ಒಬ್ಬನೇ ಇದ್ದ. ಗಿರಾಕಿಗಳಿರಲಿಲ್ಲ. ನಾನು ಕೌಂಟರಿನ ಒಳಗಡೆಯಿಂದ ಕೇಳಿದೆ. "ಅಣ್ಣಾ, ಏಳು ಮಾತ್ರೆ ಕತ್ತರಿಸಿ ಕೊಟ್ರೆ ಬಿಲ್ಲಿನ ಯಂತ್ರದಲ್ಲಿ ಏನಂತ ಒತ್ತುತ್ತೀರಾ?"

"ಒಂದು ಅಂತ."

"ಏಳಕ್ಕೂ ಒಂದಾ?"

"ಬಿಡಿ ಮಾತ್ರೆ ಒತ್ತಬೇಕು ಅಂದ್ರೆ ಬೇರೆ ಪುಟಕ್ಕೆ ಹೋಗಬೇಕು, ಬ್ಯಾಚ್ ಸಂಖ್ಯೆ ಹೊಡೀಬೇಕು, ತಾರೀಕು ಹೊಡೀಬೇಕು. ಹಿಂದೆ ಹತ್ತು ಜನ ನಿಂತಿರ್ತಾರೆ ತಾಯಿ. ಒಂದು ಅಂತ ಒತ್ತಿ, ಹಳೇ ಮೂವತ್ತರ ರಿಯಾಯಿತಿ ಬಟನ್ ಒತ್ತಿಬಿಟ್ರೆ ಸರಿಯಾಗಿ ಎಪ್ಪತ್ತಕ್ಕೆ ಕೂರುತ್ತೆ. ಮಾತ್ರೇನೂ ಏಳು, ದುಡ್ಡೂ ಎಪ್ಪತ್ತು. ನಿಮ್ಮ ಮಾವನಿಗೆ ಮೋಸ ಮಾಡಿಲ್ಲ."

"ಎಷ್ಟು ಜನ ಹಾಗೆ ಕೇಳ್ತಾರೆ?"

ಅವನು ಕತ್ತರಿಯನ್ನು ಒರೆಸಿದ. "ಮೊದಲು ಕೇಳಿದ್ದು ನಿಮ್ಮಕ್ಕ. ಬೋರ್ಡು ಹಾಕಿದ ದಿನವೇ. ಬೋರ್ಡನ್ನ ತುಂಬ ಹೊತ್ತು ನೋಡ್ತಾ ನಿಂತಿದ್ರು, ಆಮೇಲೆ ಎಪ್ಪತ್ತಕ್ಕೆ ಎಷ್ಟು ಬರುತ್ತೋ ಅಷ್ಟು ಕೊಡಿ ಅಂದ್ರು. ಹಿಂದೆ ನಿಂತಿದ್ದೋರು ಕೇಳಿಸ್ಕೊಂಡ್ರು. ಹಾಗೂ ಕೊಡ್ತಾರಾ, ನಮಗೂ ಹಾಗೇ ಕೊಡಿ ಅಂದ್ರು. ಈಗ ಯಾರೂ ಸ್ಟ್ರಿಪ್ಪು ಕೊಡಿ ಅನ್ನಲ್ಲ. ಎಪ್ಪತ್ತಕ್ಕೆ ಕೊಡಿ ಅಂತಾರೆ."

"ಉಳಿದ ಮೂರು?"

ಕೌಂಟರಿನ ಕೆಳಗಿಂದ ಅವನು ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ನನ್ನ ಮುಂದಿಟ್ಟ. ಮುಚ್ಚಳ ಕೂರುತ್ತಿರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದ. ಬಿಚ್ಚಿದೆ. ಬೆಳ್ಳಿ ಬಣ್ಣದ ಸಣ್ಣ ಸಣ್ಣ ತುಂಡುಗಳು ತುಳುಕಿ ಮೇಜಿನ ಮೇಲೆ ಬಿದ್ದವು. ಒಂದೊಂದರಲ್ಲೂ ಮೂರು ಮಾತ್ರೆ. ಬರೀ ಮೂರು.

"ಹೆಸರು, ತಾರೀಕು ಒಂದು ತುದೀಲಿ ಮಾತ್ರ ಇರುತ್ತೆ. ಅದನ್ನ ಗಿರಾಕಿಗೇ ಕೊಡಬೇಕಲ್ಲ. ಇವು ಹೆಸರಿಲ್ಲದವು, ಮಾರೋ ಹಾಗಿಲ್ಲ. ವರ್ಷದ ಕೊನೆಗೆ ಕೇಳಿದ್ರೆ ತೋರಿಸೋಣ ಅಂತ ಇಟ್ಟಿದ್ದೀನಿ."

ಎಣಿಸಿದೆ. ತೊಂಬತ್ತಾರು ತುಂಡು. ನೂರ ಎರಡು ಸ್ಟ್ರಿಪ್ಪಿನಲ್ಲಿ ಇಡಿಯಾಗಿ ಹೋದದ್ದು ಆರು. ನಮ್ಮ ಮೇಷ್ಟ್ರು ಮೊದಲ ದಿನದ ಪಾಠದಲ್ಲಿ ಹೇಳಿದ್ದು ನೆನಪಾಯಿತು. ಬೇಕು ಅನ್ನುವುದೆಲ್ಲ ಬೇಡಿಕೆಯಲ್ಲ, ಕೊಳ್ಳುವ ಶಕ್ತಿ ಇರುವ ಬೇಕು ಮಾತ್ರ ಬೇಡಿಕೆ. ಅದನ್ನು ಬರೆದು ನಾನು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆ ಲೆಕ್ಕದಲ್ಲಿ ಈ ಡಬ್ಬಿಯೊಳಗಿರುವುದು ಯಾರಿಗೂ ಬೇಡವಾದದ್ದು. ಒಂದೊಂದು ತುಂಡಿನ ಹಿಂದೆಯೂ ಯಾರೋ ಮೂರು ಬೆಳಿಗ್ಗೆ ಮಾತ್ರೆಯಿಲ್ಲದೆ ಎದ್ದು ಮೆಟ್ಟಿಲಿಳಿದಿದ್ದಾರೆ, ಒಲೆ ಹಚ್ಚಿದ್ದಾರೆ, ರಸ್ತೆ ದಾಟಿದ್ದಾರೆ.

"ನಿಮ್ಮಕ್ಕನಿಗೆ ಬೇಕಾದ್ರೆ ತಗೊಂಡು ಹೋಗಿ," ಎಂದ ಕತ್ತರಿಯಣ್ಣ ಮೆಲ್ಲಗೆ. "ಏಳಕ್ಕೆ ಮೂರು ಸೇರಿಸಿದ್ರೆ ಆಯ್ತಲ್ಲ. ಯಾರಿಗೂ ಗೊತ್ತಾಗಲ್ಲ."

ಒಂದು ತುಂಡು ಕೈಗೆತ್ತಿಕೊಂಡೆ. ಒಪ್ಪಿಕೊಳ್ಳುತ್ತೇನೆ, ಎರಡು ನಿಮಿಷ ಅದೇ ಸರಿ ಅನ್ನಿಸಿತು. ಅಕ್ಕ ಬೀಳುವುದಿಲ್ಲ. ನಾನು ಮಾವನ ಎದುರು ನಿಲ್ಲಬೇಕಿಲ್ಲ. ಗೋಡೆಗೆ ಒರಗಿಕೊಂಡೇ ಇಸ್ತ್ರಿ ಎತ್ತಿದ ಹಾಗೆ. ಆದರೆ ತಿರುಗಿಸಿ ನೋಡಿದರೆ ಆ ತುಂಡಿನ ಮೇಲೆ ಏನೂ ಬರೆದಿರಲಿಲ್ಲ. ಯಾವ ಬ್ಯಾಚಿನದು, ಎಂದಿಗೆ ಕೆಡುವುದು, ಯಾವುದೂ ಇಲ್ಲ. ಇದನ್ನು ಅಕ್ಕನ ಬಾಯಿಗೆ ಹಾಕುವುದೇ? ಅಲ್ಲದೆ ಅಕ್ಕ ಇದನ್ನು ಎಲ್ಲಿಂದ ತಂದೆ ಎಂದು ಕೇಳದೆ ಬಿಡುವವಳೂ ಅಲ್ಲ. ಮತ್ತೆ ಮಿಕ್ಕ ತೊಂಬತ್ತೈದು. ಸೋಮವಾರದಿಂದ ಮೂರು ಅಂಗಡಿ, ಹನ್ನೊಂದು ಔಷಧಿ, ಅಷ್ಟು ಡಬ್ಬಿಗಳು.

"ಮಾವನಿಗೆ ಹೇಳ್ತೀನಿ ಅಣ್ಣಾ. ಬಟನ್ ವಿಷಯ ಗೊತ್ತಾಗುತ್ತೆ. ನಿಮಗೆ ಬೈಗುಳ ಬೀಳಬಹುದು."

"ಹೇಳಿ," ಎಂದ. "ಮುಚ್ಚಳ ಹೇಗೂ ಕೂರ್ತಿಲ್ಲ."

ಮಾವ ಮಧ್ಯಾಹ್ನ ಎರಡಕ್ಕೆ ಬಂದ. ಬರುವವರೆಗೆ ನಾನು ಹೇಳಬೇಕಾದದ್ದನ್ನು ಕಾಗದದ ಮೇಲೆ ಮೂರು ಸಲ ಬರೆದೆ. ಮನೆಗೆ ಓಡಿಹೋಗಿ ಬಂದರೆ ಹೇಗೆ ಎಂದು ಎರಡು ಸಲ ಎದ್ದು ನಿಂತು ಮತ್ತೆ ಕೂತೆ. ಅವನು ಕೂರುತ್ತಲೇ ಡಬ್ಬಿಯನ್ನು ಅವನ ಮುಂದೆ ತಳ್ಳಿದೆ. ಬರೆದ ಕಾಗದ ಕೈಯಲ್ಲೇ ಮುದುಡಿಹೋಯಿತು.

"ಏನಿದು, ಲಡ್ಡು ಹಂಚ್ತಿದ್ದೀಯಾ?"

"ಹಾಳೆಯ ಪಿನ್ ತೆಗೀಬೇಕು ಮಾವ."

"ಅದು ನಿನಗೆ ಬೇಡದ್ದು."

"ನನ್ನ ಲೆಕ್ಕ ತಪ್ಪು. ಪಿನ್ ತೆಗೆದ್ರೆ ನಿಮಗೇ ಕಾಣುತ್ತೆ."

ಅವನು ಬೈಯದೆ ಪಿನ್ ಕಿತ್ತು, ಮಡಿಕೆ ಬಿಡಿಸಿ, ಬೆರಳನ್ನು ಮೊದಲ ಸಾಲಿನ ಮೇಲೆ ಓಡಿಸಿದ. ಬಲತುದಿಯಲ್ಲಿ ಬೆರಳು ನಿಂತಿತು. ನೂರ ಎರಡು ಸ್ಟ್ರಿಪ್ಪಿಗೆ ಹತ್ತು ಸಾವಿರದ ಇನ್ನೂರು ಬರಬೇಕಿತ್ತು. ಬಂದದ್ದು ಏಳು ಸಾವಿರದ ಮುನ್ನೂರ ಇಪ್ಪತ್ತು.

"ಹಿಂದಿನ ತಿಂಗಳು ರಿಯಾಯಿತಿ ಕೊಟ್ಟೂ ಏಳು ಸಾವಿರದ ಇನ್ನೂರ ಎಂಬತ್ತು ಬಂದಿತ್ತು," ಎಂದೆ. "ನಿಮಗೆ ಹೆಚ್ಚಿಗೆ ಸಿಕ್ಕಿದ್ದು ನಲವತ್ತು. ಈ ಡಬ್ಬೀಲಿ ಇನ್ನೂರ ಎಂಬತ್ತೆಂಟು ಮಾತ್ರೆ ಇದೆ. ನೀವು ದುಡ್ಡು ಕೊಟ್ಟು ತಂದದ್ದು, ಮಾರೋಕೆ ಆಗದ್ದು."

ಕತ್ತರಿಯಣ್ಣನನ್ನು ಕರೆದ. ಅವನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ಮಾವ ಅವನಿಗೆ ಬೈದ ಬೈಗಳು ಹೊರಗೆ ನಿಂತ ಗಿರಾಕಿಗಳಿಗೂ ಕೇಳಿರಬೇಕು. ಬೈದು ಮುಗಿಸಿ ನನ್ನ ಕಡೆ ತಿರುಗಿದ. "ಸರಿ. ಕತ್ತರಿಸೋದನ್ನೇ ಬಂದ್ ಮಾಡಿದ್ರೆ? ಕೊಂಡ್ರೆ ಇಡೀ ಸ್ಟ್ರಿಪ್ಪು, ಇಲ್ದಿದ್ರೆ ಇಲ್ಲ."

"ಎಪ್ಪತ್ತು ತಂದೋರ ಹತ್ರ ನೂರು ಇರಲ್ಲ ಮಾವ. ಅವರು ಬೇಡ ಅಂತ ಏಳು ಕೊಳ್ತಿಲ್ಲ, ಅಷ್ಟೇ ಇರೋದು. ಆಗ ಏಳೂ ಕೊಳ್ಳಲ್ಲ." "ಅಕ್ಕನೂ ಏಳೇ ಕೊಳ್ತಿದ್ದಾಳೆ. ಇವತ್ತು ಬೆಳಿಗ್ಗೆ ಯಂತ್ರದ ಮುಂದೆ ಕೂತಲ್ಲೇ... ಐವತ್ತೆರಡು ಎಣಿಸಿದೆ ನಾನು."

ಮಾವ ಬಹಳ ಹೊತ್ತು ಡಬ್ಬಿಯಲ್ಲಿ ಬೆರಳಾಡಿಸಿದ. ಅವನ ಮುಖದಲ್ಲಿ ಏನಿತ್ತೋ ನನಗೆ ಓದಲಾಗಲಿಲ್ಲ, ನಾನು ಅವನ ಅಂಗಿಯ ಗುಂಡಿ ನೋಡುತ್ತಿದ್ದೆ. ಕೊನೆಗೆ ಎದ್ದುಹೋಗಿ ಗೋಡೆಯ ರಟ್ಟನ್ನು ಕೆಳಗಿಳಿಸಿ ಮೇಜಿನ ಮೇಲೆ ಬೋರಲು ಹಾಕಿದ. "ನನ್ನ ಹತ್ರ ಒಂದು ಮಾತು ಕೇಳಬಾರದಿತ್ತಾ ಅವಳು," ಎಂದ. "ಆಯ್ತು. ಇವತ್ತಿಂದಲೇ ಹಳೇ ಬೆಲೆ."

ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಮಾವ ವ್ಯಾಪಾರಿ. ರಟ್ಟಿನ ಬೆನ್ನನ್ನು ಬೆರಳಲ್ಲಿ ಕುಟ್ಟುತ್ತ ಯೋಚಿಸುತ್ತಿದ್ದವನು ನಿಧಾನವಾಗಿ ತಲೆ ಎತ್ತಿದ.

"ಅಂದ್ರೆ ತೊಂದರೆ ಬೆಲೇದಲ್ಲ, ಕತ್ತರೀದು. ಹೌದಲ್ಲ? ಕತ್ತರಿಸೋಕೆ ಬರೋದು ಮಾತ್ರೆ. ಸೂಜಿಮದ್ದು ಕತ್ತರಿಸೋಕಾಗಲ್ಲ. ಉಸಿರಿಗೆ ಎಳ್ಕೊಳ್ಳೋ ಪಂಪು ಕತ್ತರಿಸೋಕಾಗಲ್ಲ. ಹನಿ ಹಾಕೋ ಸೀಸೆ ಒಡೆಯೋಕಾಗಲ್ಲ." ಅವನ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು. "ಒಳ್ಳೇ ಪಾಠ ಹೇಳಿದೆ ಕಣೇ. ಕತ್ತರಿಸೋಕೆ ಬಾರದ್ದು ಯಾವ್ಯಾವುದು, ಒಂದು ಪಟ್ಟಿ ಮಾಡು. ಸೋಮವಾರಕ್ಕೆ."

ಅಂದಿನ ಹೆದರಿಕೆಗಳಲ್ಲಿ ಅದು ಎಲ್ಲಕ್ಕಿಂತ ದೊಡ್ಡದು. ಅಕ್ಕನ ಕಣ್ಣು ಕಿಟಕಿಯಲ್ಲಿ ಸಿಕ್ಕಿಕೊಂಡದ್ದಕ್ಕಿಂತ ದೊಡ್ಡದು. ಏಕೆಂದರೆ ಆ ಪಟ್ಟಿ ನನ್ನ ತಲೆಯಲ್ಲಿ ಆಗಲೇ ತಯಾರಾಗುತ್ತಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಬರೆಯುವ ಚಾಳಿ ನನ್ನದು. ಒಂದು, ಎರಡು, ಮೂರು ಎಂದು ಹೆಸರುಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಪಂಪಿನಲ್ಲೂ ಮೂರು ದಿನ ಎಳೆದುಕೊಳ್ಳದೆ ಇರಬಹುದು ಜನ, ಸೂಜಿಮದ್ದನ್ನೂ ಅರ್ಧ ಏರಿಸಿಕೊಳ್ಳಬಹುದು. ಆಗ ಡಬ್ಬಿಯಲ್ಲಿ ಏನೂ ಉಳಿಯುವುದಿಲ್ಲ, ಯಾರಿಗೂ ಏನೂ ಕಾಣುವುದಿಲ್ಲ. ಸಂಖ್ಯೆ ಮಾತ್ರ ಚೆಂದ ಇರುತ್ತದೆ.

"ಮಾಡಲ್ಲ ಮಾವ."

"ಏನು? ಜೋರಾಗಿ ಹೇಳು."

ಮೊದಲ ಸಲ ಬಾಯಿಂದ ತಾನೇ ಜಾರಿತ್ತು. ಎರಡನೆಯ ಸಲ ನಾನೇ ಹೇಳಬೇಕಿತ್ತು. ಬೆನ್ನ ಹಿಂದೆ ಔಷಧಿ ಡಬ್ಬಗಳ ಗೋಡೆ ತಗುಲಿತು. "ಆ ಪಟ್ಟಿ ನಾನು ಮಾಡಲ್ಲ."

"ಹಾಗಾದ್ರೆ ನಿಂಗೆ ಇಲ್ಲಿ ಕೆಲಸ ಏನು?" ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. "ಸೋಮವಾರ ನೋಡೋಣ," ಎಂದು ಪೆನ್ಸಿಲನ್ನು ತನ್ನ ಕಡೆ ಎಳೆದುಕೊಂಡ. ಅವನೇ ಬರೆಯಬಹುದು, ಬರೆಯದೆಯೂ ಇರಬಹುದು. ಅದು ಸೋಮವಾರಕ್ಕೇ ಗೊತ್ತಾಗಬೇಕು.

ಹೊರಡುವಾಗ ಕತ್ತರಿಯಣ್ಣ ಎಪ್ಪತ್ತು ತೆಗೆದುಕೊಂಡು ಒಂದು ಸ್ಟ್ರಿಪ್ ಕೊಟ್ಟ. ಇಡಿಯಾದದ್ದು, ಎರಡೂ ತುದಿ ಇರುವಂಥದ್ದು. ಬಿಲ್ಲನ್ನೂ ಕೇಳಿ ತೆಗೆದುಕೊಂಡೆ.

ನಮ್ಮ ಬೀದಿಯ ತಿರುವಿನಲ್ಲಿ ನಿಂತು ಕಿವಿಗೊಟ್ಟೆ. ಯಂತ್ರದ ಸದ್ದಿರಲಿಲ್ಲ. ಎಂಟು. ಇಪ್ಪತ್ತು. ಆಮೇಲೆ ಎಣಿಸಲಿಲ್ಲ, ಓಡಿದೆ. ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು. ಬಾಗಿಲು ತೆರೆದೇ ಇತ್ತು.

ಅಕ್ಕ ಕಿಟಕಿಯ ಕೆಳಗೆ ನೆಲದ ಮೇಲೆ ಕೂತು ಬ್ಲೇಡಿನಿಂದ ಬೆಳಗಿನ ಅಂಗಿಯ ದಾರ ಬಿಚ್ಚುತ್ತಿದ್ದಳು. ನನ್ನ ಒಂದು ಕಾಲಿನ ಚಪ್ಪಲಿ ನೋಡಿದಳು. ನನ್ನ ಕೈಯ ಸ್ಟ್ರಿಪ್ ನೋಡಿದಳು.

"ಬಿಟ್ಟಿ ತಂದ್ಯಾ?"

"ಎಪ್ಪತ್ತು. ಬಿಲ್ಲಿದೆ ನೋಡು. ಹಳೇ ಬೆಲೆ ಮತ್ತೆ ಬಂತು." ಉಸಿರು ಸಿಗುತ್ತಿರಲಿಲ್ಲ. ಆದರೂ ಹೇಳಿಬಿಟ್ಟೆ, ಈಗ ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎಂದು ಗೊತ್ತಿತ್ತು. "ಅಕ್ಕಾ, ಅದಕ್ಕೆ ರಿಯಾಯಿತಿ ತೆಗೀಬಹುದು ಅಂತ ಮಾವನಿಗೆ ಬರೆದುಕೊಟ್ಟಿದ್ದು ನಾನು."

ಅವಳು ದಾರದ ತುಣುಕೊಂದನ್ನು ಎಳೆದು ತೆಗೆದು ಮೊಣಕಾಲಿಗೆ ಅಂಟಿಸಿಕೊಂಡಳು.

"ಗೊತ್ತು. ಬೋರ್ಡು ನೋಡಿದೆನಲ್ಲ. ಆ ಅಕ್ಷರ ನಾನೇ ತಿದ್ದಿಸಿದ್ದು."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಎಂಟು ತಿಂಗಳಾದ ಮೇಲೆ ನೀನು ಮನೆ ಬಿಟ್ಟು ಆಚೆ ಹೋಗ್ತಿದ್ದೆ," ಎಂದಳು. "ನೀರು ತಗೊಂಡು ಬಾ."

ನೀರು ತಂದೆ. ಅವಳು ಮಾತ್ರೆ ಬಾಯಿಗೆ ಹಾಕಿಕೊಂಡು, ಲೋಟ ಖಾಲಿ ಮಾಡಿ, ನುಂಗಿದೆ ನೋಡು ಎನ್ನುವ ಹಾಗೆ ಸಣ್ಣ ಮಕ್ಕಳಂತೆ ಬಾಯಿ ತೆರೆದು ತೋರಿಸಿದಳು. ನನಗೆ ನಗು ಬರಲಿಲ್ಲ. ತಪ್ಪಿಹೋದ ಮಾತ್ರೆಗಳು ಹಿಂದಕ್ಕೆ ಬರುವುದಿಲ್ಲ. ಒಂದು ತಿಂಗಳ ಬೆಳಗುಗಳು ಅವಳ ತಲೆಯೊಳಗೆ ಏನು ಸಡಿಲ ಮಾಡಿಟ್ಟಿವೆಯೋ ನನಗೆ ಗೊತ್ತಿಲ್ಲ. ಸೋಮವಾರ ಡಾಕ್ಟರ ಹತ್ತಿರ ಹೋಗೋಣ ಎಂದೆ. ನಿನಗೆ ಕೆಲಸ ಇಲ್ವಾ ಎಂದಳು. ಗೊತ್ತಿಲ್ಲ ಎಂದೆ.

ಅವಳು ಎದ್ದು ಯಂತ್ರದ ಮುಂದೆ ಕೂತಳು. ನಾನು ಹೋಗಿ ಇಸ್ತ್ರಿಯ ಪ್ಲಗ್ಗು ಕಿತ್ತು, ತಂತಿ ಸುತ್ತಿ, ಅದನ್ನು ಮೇಲಿನ ಹಲಗೆಯ ಮೇಲಿಟ್ಟೆ. ಅವಳು ಬೇಡ ಅನ್ನಲಿಲ್ಲ. ಯಂತ್ರ ಓಡತೊಡಗಿತು. ಒಂದು ತೋಳು ಮುಗಿಯಿತು, ನಿಂತಿತು. ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು, ನಾಲ್ಕು.